ಮುತ್ತುಗದ ಬೀಜವೂ ಬಾನಾಬಾಯಿಯ ಹತ್ತು ಕುರಿಗಳೂ

ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ತುಸು ಕೆಳಗೆಳೆದು ಒಂದು ಗಳಿಗೆ ನೋಡಿದರೆ ಸಾಕು, ಬಾನಾಬಾಯಿ ಕೊಳೇಕರ ಅದರ ಹೊಟ್ಟೆಯ ಸುದ್ದಿ ಹೇಳುತ್ತಿದ್ದಳು. ರೆಪ್ಪೆಯ ಒಳಗು ಕೆಂಪಗಿದ್ದರೆ ಬೆನ್ನ ಮೇಲೊಂದು ತಟ್ಟಿ ಬಿಟ್ಟುಬಿಡುವಳು. ಬಿಳಚಿಕೊಂಡಿದ್ದರೆ ಕೊರಳು ಹಿಡಿದು ಪಕ್ಕಕ್ಕೆ ನಿಲ್ಲಿಸುವಳು. ಮಾಣದೇಶದ ಕುರಿಗಾಹಿ ಧನಗರರಲ್ಲಿ ಈ ವಿದ್ಯೆ ಬಲ್ಲವರು ಇನ್ನೂ ನಾಲ್ಕಾರು ಮಂದಿ ಇದ್ದರು. ಆದರೆ ಇನ್ನೂರು ಚಿಲ್ಲರೆ ಕುರಿಗಳನ್ನು ಬೆಳಗಿನ ಭಾಕರಿ ಬೇಯುವ ಹೊತ್ತಿನೊಳಗೆ ಎರಡು ಪಾಲು ಮಾಡಿ ನಿಲ್ಲಿಸಬಲ್ಲವಳು ಅವಳೊಬ್ಬಳೇ. ಅದನ್ನು ಅವಳು ಮುಚ್ಚಿಡುತ್ತಲೂ ಇರಲಿಲ್ಲ.

"ನನ್ನ ಹೆಬ್ಬಟ್ಟಿಗೆ ಓದಾಕ ಬರತೈತಿ. ಸಾಲಿಗೆ ಹೋಗದೇ ಉಳಿದಾಕಿ ನಾನು, ಅದಲ್ಲ," ಎನ್ನುವಳು.

ಮದುವೆಯಾಗಿ ಬರುವಾಗ ತವರಿನವರು ಅವಳ ಹಿಂದೆ ಹತ್ತು ಕುರಿ ಹೊಡೆದು ಕಳಿಸಿದ್ದರು. ಅವು ಈಯುತ್ತ, ಮುದಿಯಾಗುತ್ತ, ಮರಿಗಳಿಗೆ ಜಾಗ ಬಿಡುತ್ತ ಬಂದರೂ ಮಂದೆಯಲ್ಲಿ 'ಬಾನಾಳ ಹತ್ತು' ಎಂಬ ಹೆಸರು ಹಾಗೇ ಉಳಿದಿತ್ತು. ಎಡಗಿವಿಯ ತುದಿ ಕತ್ತರಿಸಿದ್ದೆಲ್ಲ ಅವಳದು. ಉಳಿದವು ಗಂಡ ಧುಳಾನವು, ಅವನ ಅಣ್ಣ ಮಾಯಾಪ್ಪನವು. ಮಾಯಾಪ್ಪ ವಾಡದ, ಅಂದರೆ ಒಟ್ಟಿಗೆ ತಿರುಗುವ ಆ ನಾಲ್ಕು ಮನೆಗಳ ತಂಡದ, ಹಿರಿಯ. ಯಾವ ದಾರಿ ಹಿಡಿಯಬೇಕು, ಯಾರ ಹೊಲದಲ್ಲಿ ಮಂದೆ ತರುಬಬೇಕು, ಎಂದು ಘಟ್ಟ ಇಳಿಯಬೇಕು, ಎಲ್ಲ ಅವನ ಮಾತು. ದೀಪಾವಳಿ ಮುಗಿದ ಮೇಲೆ ಕೊಂಕಣಕ್ಕೆ ಇಳಿದು, ಗದ್ದೆಗಳಲ್ಲಿ ಕುರಿ ಕೂರಿಸಿ, ಗೊಬ್ಬರಕ್ಕೆ ಪ್ರತಿಯಾಗಿ ಭತ್ತ ಪಡೆದು, ಮಳೆಗೆ ಮುಂಚೆ ಮತ್ತೆ ಘಟ್ಟ ಹತ್ತಿ ಮಾಣದೇಶದ ಬಯಲಿಗೆ ಬರುವುದು ಅವರ ವರ್ಷದ ತಿರುಗಾಟ.

ಹಿಂತಿರುಗುವ ದಾರಿಯಲ್ಲಿ, ಘಟ್ಟದ ಬದಿಯಲ್ಲಿ, ಮುತ್ತುಗದ ಮರಗಳು ಒಣಗಿದ ಕಾಯಿ ಉದುರಿಸುತ್ತಿರುತ್ತವೆ. ಕಾಗದದಂತೆ ಹಗುರವಾದ ಕಾಯಿ, ಅದರ ಒಂದು ತುದಿಯಲ್ಲಿ ಒಂದೇ ಒಂದು ಚಪ್ಪಟೆ ಕಂದು ಬೀಜ. ಬಾನಾಬಾಯಿಯ ಸೋದರಮಾವ ಈ ಬೀಜವನ್ನು ನೆನೆಹಾಕಿ, ಸಿಪ್ಪೆ ಸುಲಿದು, ಒಣಗಿಸಿ ಪುಡಿ ಮಾಡಿ ಕುರಿಗಳ ಹೊಟ್ಟೆಹುಳಕ್ಕೆ ಕುಡಿಸುತ್ತಿದ್ದ. ಎಷ್ಟು ಕೊಡಬೇಕೆಂದು ಕೇಳಿದರೆ "ಒಂದು ಹಿಡಿ" ಎನ್ನುತ್ತಿದ್ದ. ಯಾರ ಹಿಡಿ, ಯಾವ ಕುರಿಗೆ, ಅದನ್ನು ಅವನು ಹೇಳಲಿಲ್ಲ. ಕೇಳಬೇಕೆಂದು ಅವಳಿಗೂ ಹೊಳೆಯಲಿಲ್ಲ.

ಮದುವೆಯಾದ ಎರಡನೆಯ ವರ್ಷ ಅವಳು ತಾನೇ ಪುಡಿ ಮಾಡಿ, ಹಿಡಿ ತುಂಬ ತೆಗೆದು, ಬಿದಿರಿನ ಗೊಟ್ಟದಲ್ಲಿ ಇಪ್ಪತ್ತು ಕುರಿಗಳಿಗೆ ಎರೆದಳು. ಕುರಿಗಳು ಎರಡು ದಿನ ಭೇದಿಯಾಗಿ ಎದ್ದು ನಿಂತವು. ಆದರೆ ಗಬ್ಬದ ಕುರಿಗಳಲ್ಲಿ ಮೂರು ದಿನ ತುಂಬುವ ಮೊದಲೇ ಕಂದು ಹಾಕಿದವು. ಮೂರೂ ಮಾಯಾಪ್ಪನವು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಗೊಟ್ಟವನ್ನು ಕೈಗೆತ್ತಿಕೊಂಡು, ಮೊಣಕಾಲಿಗೆ ಊರಿ ಎರಡು ತುಂಡು ಮಾಡಿ ಒಲೆಗೆ ಹಾಕಿದ.

"ಇನ್ನ ಮ್ಯಾಲೆ ನನ್ನ ಕುರಿ ಬಾಯಿಗೆ ಕಾಡಿನ ಕಸ ಬೀಳಬಾರದು," ಎಂದ.

ಅದೇ ಕಾಲಕ್ಕೆ ಪೇಟೆಯಿಂದ ಬಿಳಿ ಔಷಧ ಬಂತು. ಬಾಟಲಿ ಅಲ್ಲಾಡಿಸು, ಬಾಯಿಗೆ ಹಿಂಡು, ಮುಗಿಯಿತು. ಹುಳ ಮಂತ್ರ ಹಾಕಿದಂತೆ ಬೀಳುತ್ತಿದ್ದವು. ಬಾನಾಬಾಯಿಯೂ ಅದನ್ನು ಮೆಚ್ಚಿದಳು, ಸುಳ್ಳೇಕೆ. ಆದರೆ ತನ್ನ ಹತ್ತು ಕುರಿಗಳ ಮೇಲೆ ಅವಳು ಬಿಟ್ಟ ಕೆಲಸ ಹಿಡಿದಳು. ಹಿಡಿಯ ಲೆಕ್ಕ ಬಿಟ್ಟು ಚಹಾ ಕುಡಿಯುವ ಸಣ್ಣ ಗಾಜಿನ ಲೋಟ ಹಿಡಿದಳು. ಒಂದು ವರ್ಷ ಕಾಲು ಲೋಟ, ಇನ್ನೊಂದು ವರ್ಷ ಅರ್ಧ. ಬೆಲ್ಲದಲ್ಲಿ ಕಲಸಿ ನೋಡಿದಳು, ಮಜ್ಜಿಗೆಯಲ್ಲಿ ಕದಡಿ ನೋಡಿದಳು. ಹಿಕ್ಕೆ ಕೆದಕಿ ನೋಡಿದಳು. ಕೊನೆಗೆ ಅವಳಿಗೆ ನಿಂತದ್ದು ಇಷ್ಟು: ದೊಡ್ಡ ಕುರಿಗೆ ಅರ್ಧ ಲೋಟ, ಎಳೆಯ ಕುರಿಗೆ ಕಾಲು, ಬೆಳಿಗ್ಗೆ ಖಾಲಿ ಹೊಟ್ಟೆಗೆ, ಮಜ್ಜಿಗೆಯಲ್ಲಿ, ಮೂರು ದಿನ. ಹಾಲು ಬಿಡದ ಮರಿಗೆ ಇಲ್ಲ. ಗಬ್ಬದ ಕುರಿಗೆ ಸುತರಾಂ ಇಲ್ಲ.

ಇದಕ್ಕೆ ಅವಳಿಗೆ ಹದಿನೆಂಟು ವರ್ಷ ಹಿಡಿಯಿತು. ಮಾಯಾಪ್ಪನಿಗೆ ಗೊತ್ತಿತ್ತು. ಅವಳ ಕುರಿ, ಅವಳ ಹಾಳು ಎಂದು ಸುಮ್ಮನಿದ್ದ. ಅವನ ಹೆಂಡತಿ ಸೋನಾಕ್ಕ ಮಾತ್ರ ಒಲೆಯ ಮುಂದೆ ಕೂತು ಚುಚ್ಚುವಳು: "ನಮ್ಮ ಬಾನಾನ ಕುರಿಗೋಳಿಗೆ ಉಪವಾಸ, ಕಷಾಯ, ಮಜ್ಜಿಗಿ. ಅವು ಕುರಿ ಅಲ್ಲ, ಪಂಢರಪುರದ ವಾರಕರಿಗೋಳು."

"ಪುಣ್ಯ ಬಂದರ ನಿನಗೂ ಪಾಲು ಕೊಡತಾವ ಬಿಡ, ಅಕ್ಕಾ," ಎನ್ನುವಳು ಬಾನಾಬಾಯಿ, ಭಾಕರಿ ತಟ್ಟುತ್ತಲೇ.

ಆಮೇಲೆ ಆ ವರ್ಷ ಬಂತು. ಮಾಣದೇಶವೆಂದರೆ ಮಳೆಗಾಲದಲ್ಲೂ ಧೂಳೇಳುವ ಸೀಮೆ. ಆ ಸಲ ಶ್ರಾವಣದಿಂದ ಮಳೆ ಹಿಡಿದದ್ದು ಬಿಡಲೇ ಇಲ್ಲ. ಕೆರೆಯಂಚು, ಓಣಿ, ಬದು ಎಲ್ಲ ಹಸಿರಾಯಿತು. ಕುರಿಗಳು ಮೆತ್ತನೆಯ ಎಳೆಹುಲ್ಲನ್ನು ಬುಡಸಮೇತ ಮೇಯ್ದವು. ಮೂರು ವಾರದಲ್ಲಿ ಗದ್ದದ ಕೆಳಗೆ ಬಾವು ಕಾಣಿಸಿತು. ನೀರು ತುಂಬಿದ ಚೀಲದಂತೆ ಜೋಲುವ ಬಾವು. ಕುರಿಗಳು ಮಂದೆಯ ಹಿಂದೆ ಬಿದ್ದವು, ಮಲಗಿದವು ಏಳಲಿಲ್ಲ. ಮಾಯಾಪ್ಪ ಎಲ್ಲಕ್ಕೂ ಬಿಳಿ ಔಷಧ ಹಾಕಿಸಿದ. ಎಂಟು ದಿನ ಬಿಟ್ಟು ಮತ್ತೆ ಹಾಕಿಸಿದ. ಅಷ್ಟಾದರೂ ಹನ್ನೊಂದು ಕುರಿ ಸತ್ತವು.

ಹನ್ನೊಂದನೆಯದನ್ನು ಬಾನಾಬಾಯಿ ಹೂಳಲು ಬಿಡಲಿಲ್ಲ. ಕುಡುಗೋಲು ತಂದು ಎಲ್ಲರ ಮುಂದೆ ಹೊಟ್ಟೆ ಸೀಳಿ, ಕರುಳಿಗೆ ಮುಂಚಿನ ಚೀಲವನ್ನು ಬಿಡಿಸಿ ಹಾಸಿದಳು. ಒಳಗೆ ಕೂದಲಿನಷ್ಟು ಸಣ್ಣ ಕೆಂಪು ಹುಳ, ಸಾವಿರಗಟ್ಟಲೆ. ಇನ್ನೂ ಮಿಸುಕುತ್ತಿದ್ದವು.

"ದಾದಾ, ನಾಕ ದಿನದ ಹಿಂದ ಔಷಧ ಕುಡದ ಕುರಿ ಇದು. ಹುಳ ಸತ್ತಾವೇನು ನೋಡ್ರಿ."

ಮಾಯಾಪ್ಪ ಬಗ್ಗಿ ನೋಡಿದ. ತಲೆಯ ಪಾಗೋಟೆ ಸರಿ ಮಾಡಿಕೊಂಡ. "ಹಂಗಾರ ಇಲ್ಲಿ ಇರೂದು ಬ್ಯಾಡ. ನಾಳೆನ ಹೊರಡೂಣು. ಈಗ ಘಟ್ಟ ಇಳದಬಿಡೂಣು."

"ಬಾವು ಬಂದ ಕುರಿ ಘಟ್ಟ ಇಳೀತಾವ? ಅರ್ಧ ದಾರ‍್ಯಾಗ ಹದ್ದಿಗೆ ಊಟ ಹಾಕಿ ಹೋಗತೀವಿ. ನನಗ ಹದಿನೈದು ದಿನ ಕೊಡ್ರಿ."

"ನಿನಗ?" ಎಂದ ಮಾಯಾಪ್ಪ. "ನೀ ಒಮ್ಮೆ ಕೊಟ್ಟದ್ದು ನಾ ಮರತಿಲ್ಲ."

"ನಾನೂ ಮರತಿಲ್ಲ. ಮರತಿದ್ದರ ಇವತ್ತ ಕೇಳತಿರಲಿಲ್ಲ." ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳೇ ಹೊರತು ಕಣ್ಣು ಕೆಳಗೆ ಹಾಕಲಿಲ್ಲ. "ನನ್ನ ಹತ್ತನ್ನ ನೋಡ್ರಿ. ಒಂದಕ್ಕರ ಗದ್ದ ಊದೇತಿ?"

ಊದಿರಲಿಲ್ಲ. ಎಲ್ಲರೂ ನೋಡಿದರು. ಧುಳಾ ಮಾತಿಗೆ ಬಹಳ ಜಿಪುಣ. ಅಣ್ಣನೆದುರು ಬಾಯಿ ಬಿಟ್ಟವನಲ್ಲ. ಅಂದು ಮಾತ್ರ ನೆಲ ನೋಡುತ್ತ, "ಡಾಕ್ಟರನ್ನ ಕರಕೊಂಬರತೀನಿ. ಅವರು ಹೇಳಿದಂಗ ಆಗಲಿ," ಎಂದು ಹೇಳಿ, ಉತ್ತರಕ್ಕೆ ಕಾಯದೆ ಕೋಲು ತೆಗೆದುಕೊಂಡು ಹೊರಟೇಬಿಟ್ಟ.

ಬಂದವಳು ಡಾಕ್ಟರ ನಯನಾ ಗಾವಡೆ, ದನದ ದವಾಖಾನೆಗೆ ಹೊಸದಾಗಿ ಬಂದಿದ್ದ ಹುಡುಗಿ. ಮೊಣಕಾಲುದ್ದದ ರಬ್ಬರ್ ಬೂಟು, ಸ್ಕೂಟರಿನ ಹಿಂದೆ ಕಟ್ಟಿದ ಮರದ ಪೆಟ್ಟಿಗೆ, ಅದರೊಳಗೆ ಸೂಕ್ಷ್ಮದರ್ಶಕ. ಬಾವು ಬಂದ ಹತ್ತು ಕುರಿಗಳ ಹಿಕ್ಕೆ ತೆಗೆದು, ಉಪ್ಪುನೀರಿನಲ್ಲಿ ಅರೆದು, ಗಾಜಿನ ಮೇಲೆ ಹಾಕಿ ಬಗ್ಗಿ ನೋಡಿದಳು. ಹುಳದ ಮೊಟ್ಟೆಗಳನ್ನು ಬಹಳ ಹೊತ್ತು ಎಣಿಸಿದಳು. ಆಮೇಲೆ ಮಾಯಾಪ್ಪನನ್ನು ಕೇಳಿದಳು: "ಬಿಳಿ ಔಷಧ ಎಷ್ಟು ವರ್ಷದಿಂದ ಹಾಕ್ತೀರಿ, ಮಾಮಾ?"

"ಇಪ್ಪತ್ತ ಆದುವು."

"ಅದ ಒಂದ?"

"ಅದ ಒಂದ. ದೊಡ್ಡದಕ್ಕ ಒಂದ ಹಿಂಡು, ಸಣ್ಣದಕ್ಕ ಅರ್ಧ ಹಿಂಡು. ಉಳದರ ಮುಂದಿನ ಸಲಕ್ಕ."

"ಹುಳಕ್ಕ ರೂಢಿ ಆಗ್ಯದ, ಮಾಮಾ. ಸ್ವಲ್ಪ ಸ್ವಲ್ಪ ಕುಡಿಸಿ ನೀವ ರೂಢಿ ಮಾಡಿಸೀರಿ. ಇನ್ನೊಂದು ಜಾತಿ ಔಷಧ ಅದ, ಜಿಲ್ಲಾದಿಂದ ತರಿಸಬೇಕು. ಅದನ್ನೂ ಹಿಂಗ ಹಾಕಿದರ ನಾಕ ವರ್ಷದಾಗ ಅದೂ ಹೋಗ್ತದ."

ಬಾನಾಬಾಯಿ ಅಷ್ಟರಲ್ಲಿ ಪುಡಿಯ ಗಂಟು ತಂದು ಅವಳ ಮುಂದೆ ಬಿಚ್ಚಿದಳು. ಅಳತೆ ಹೇಳಿದಳು. ಕೇಳುವ ಮೊದಲೇ ಮೂರು ಮರಿ ಹೋದ ಕಥೆಯನ್ನೂ ಹೇಳಿದಳು, ಮಾಯಾಪ್ಪ ಅಲ್ಲೇ ನಿಂತಿದ್ದಾಗಲೇ. ಡಾಕ್ಟರ ಪುಡಿಯನ್ನು ಮೂಸಿ ನೋಡಿದಳು.

"ಮುತ್ತುಗದ ಬೀಜದ ಮಾತು ನಾನು ಪುಸ್ತಕದಾಗ ಓದೀನಿ, ಮಾವಶಿ. ಆದರ ನೀವು ಹೇಳಿದ್ದು, ನಾನು ಓದಿದ್ದು, ಎರಡೂ ಬಾಯಿಮಾತು. ಎಣಿಸಿ ನೋಡೋಣ. ಮೂವತ್ತು ಕುರಿ ಕೊಡ್ರಿ. ಹತ್ತಕ್ಕ ಬಿಳಿ ಔಷಧ, ತೂಕ ಮಾಡಿ ಪೂರಾ ಅಳತಿ. ಹತ್ತಕ್ಕ ನಿಮ್ಮ ಪುಡಿ. ಇನ್ನ ಹತ್ತಕ್ಕ ಏನೂ ಇಲ್ಲ."

"ಏನೂ ಇಲ್ಲ ಅಂದರ?" ಮಾಯಾಪ್ಪ ಹುಬ್ಬು ಗಂಟಿಕ್ಕಿದ.

"ಸುಮ್ಮನ ಬಿಡೋದು. ಹುಲ್ಲು, ಹವಾ ಬದಲಾಗಿ ತಾನ ಕಡಿಮಿ ಆಯ್ತೋ, ಔಷಧದಿಂದ ಆಯ್ತೋ, ತಿಳೀಬೇಕಲ್ಲ."

"ಸಾಯೂ ಕುರಿಗೆ ಏನೂ ಕೊಡದ ಕೂತು ನೋಡೂದು. ಇದಕ್ಕ ಎಷ್ಟು ವರ್ಷ ಓದಿದಿ, ಬಾಯಿ?"

ಸೋನಾಕ್ಕ ಕೂಡಲೇ ತನ್ನ ಗಂಡನ ಕುರಿಗಳ ಮುಂದೆ ಹೋಗಿ ನಿಂತಳು. ಉಳಿದ ಮನೆಯವರೂ ತಮ್ಮ ತಮ್ಮ ಕುರಿಗಳ ಕಡೆ ಸರಿದರು. ಪುಡಿಗೂ ಕೊಡುತ್ತೇವೆ, ಔಷಧಕ್ಕೂ ಕೊಡುತ್ತೇವೆ, 'ಏನೂ ಇಲ್ಲ'ಕ್ಕೆ ಒಂದು ಮರಿಯೂ ಇಲ್ಲ ಎಂದರು. ಡಾಕ್ಟರ ವಿವರಿಸಿ ವಿವರಿಸಿ ಸೋತಳು.

"ನನ್ನ ಹತ್ತು ತಗೊಳ್ಳ್ರಿ," ಎಂದಳು ಬಾನಾಬಾಯಿ.

"ನಿಮ್ಮವು ಚಲೋ ಅದಾವಲ್ಲ, ಮಾವಶಿ. ಸರಿಜೋಡಿ ಆಗೂದಿಲ್ಲ. ಹಿಕ್ಕಿಯೊಳಗ ಮೊಟ್ಟಿ ಒಂದ ಸಮ ಇರಬೇಕು."

ಬಾನಾಬಾಯಿ ಮಾಯಾಪ್ಪನ ಕಡೆ ತಿರುಗಿದಳು. "ದಾದಾ, ನಿಮ್ಮ ಬಾವು ಬಂದ ಹತ್ತು ನನಗ ಕೊಡ್ರಿ, ನನ್ನ ಚಲೋ ಹತ್ತು ನೀವು ಇಟಗೊಳ್ಳ್ರಿ. ಅದಲು ಬದಲು. ಸತ್ತರ ನನ್ನವು ಸತ್ತಂಗ."

ತವರಿನ ಹತ್ತು ಕುರಿ. ಧುಳಾ ಹೆಂಡತಿಯನ್ನೊಮ್ಮೆ ನೋಡಿ, ಬೇಡವೆನ್ನಲು ಹೋಗಿ, ಬಿಟ್ಟ. ಮಾಯಾಪ್ಪ ಕೋಲಿನ ಮೇಲೆ ಗದ್ದ ಊರಿ ಅವಳ ಹತ್ತನ್ನು ಒಂದೊಂದಾಗಿ ನೋಡಿದ. ಕೊನೆಗೆ, "ಆತು, ತಗೋ. ನಿನ್ನ ಹಟ ನಿನಗ," ಎಂದ.

ಕುರಿ ಆರಿಸುವಾಗ ಡಾಕ್ಟರ ಚೀಲದಿಂದ ಒಂದು ರಟ್ಟು ತೆಗೆದಳು. ಅದರ ಮೇಲೆ ಐದು ಬಣ್ಣ, ಕೆಂಪಿನಿಂದ ಬಿಳುಪಿನವರೆಗೆ, ಒಂದರಿಂದ ಐದರವರೆಗೆ ಅಂಕಿ ಹಾಕಿದ್ದು. ಕುರಿಯ ರೆಪ್ಪೆ ಇಳಿಸಿ ರಟ್ಟಿನ ಪಕ್ಕ ಹಿಡಿದು ಹೊಂದಿಸಿ ನೋಡತೊಡಗಿದಳು. ಬಾನಾಬಾಯಿ ನೋಡಿದಳು, ನಕ್ಕಳು.

"ಇದು ನನಗ ಗೊತ್ತೈತಿ. ನೀವು ಬಣ್ಣ ಹಚ್ಚೀರಿ, ಅಷ್ಟ."

"ಹಂಗಾದರ ರಟ್ಟು ನೋಡದ ಹೇಳ್ರಿ."

ಬಾನಾಬಾಯಿ ಮೂವತ್ತು ಕುರಿಗಳ ನಡುವೆ ನಡೆದು, ಹೆಬ್ಬೆರಳಿನಲ್ಲಿ ರೆಪ್ಪೆ ಸರಿಸುತ್ತ, "ಎರಡು, ನಾಕು, ನಾಕು, ಐದು, ಮೂರು," ಎಂದು ಹೇಳುತ್ತ ಹೋದಳು. ಡಾಕ್ಟರ ಹಿಂದಿನಿಂದ ರಟ್ಟು ಹಿಡಿದು ಪರೀಕ್ಷಿಸುತ್ತ ಬಂದಳು. ಎರಡು ಕುರಿಗಳಲ್ಲಿ ಮಾತ್ರ ಇಬ್ಬರಿಗೂ ಭೇದ ಬಂತು. ಅದರಲ್ಲೊಂದಕ್ಕೆ ಕಣ್ಣುಬೇನೆ ಇತ್ತೆಂದು ಆಮೇಲೆ ತಿಳಿಯಿತು.

ಮೂರು ಬೆಳಿಗ್ಗೆ ಬಾನಾಬಾಯಿ ಹೊಸ ಗೊಟ್ಟ ಹಿಡಿದು ಪುಡಿ ಎರೆದಳು. ಒಂದೊಂದು ಕುರಿಯ ತಲೆಯನ್ನು ತನ್ನ ತೊಡೆಗಳ ನಡುವೆ ಹಿಡಿದು, ದವಡೆಯ ಪಕ್ಕದಿಂದ ತುಸು ತುಸುವೇ, ನುಂಗುವವರೆಗೂ ಕಾದು. ಅವಸರ ಮಾಡಿದರೆ ಮಜ್ಜಿಗೆ ಶ್ವಾಸಕ್ಕೆ ಹೋಗುತ್ತದೆ. ಗಬ್ಬದ ಕುರಿಗಳನ್ನು ಮೊದಲೇ ಹೊಟ್ಟೆ ಮುಟ್ಟಿ ಬೇರೆ ಮಾಡಿದ್ದಳು. ಕೆರೆಯಂಚಿಗೆ ಮಂದೆ ಹೋಗದಂತೆ ತಡೆದಳು. ಇಬ್ಬನಿ ಆರುವ ತನಕ ಕುರಿ ಬಿಡಬೇಡಿರೆಂದು ಎಲ್ಲರಿಗೂ ಹೇಳಿದಳು. ಅದನ್ನು ಮಾಯಾಪ್ಪನೂ ಪಾಲಿಸಿದ. ಮಂಜಿನ ಹುಲ್ಲಿನ ತುದಿಯಲ್ಲಿ ಹುಳದ ಮರಿ ಕೂತಿರುತ್ತದೆಂದು ಡಾಕ್ಟರ ಕೂಡ ಹೇಳಿದ್ದಳಲ್ಲ.

ಕಷ್ಟವಾದದ್ದು 'ಏನೂ ಇಲ್ಲ'ದ ಹತ್ತನ್ನು ನೋಡುವುದು. ಅವು ಈಗ ಅವಳವು. ಕೈಯಲ್ಲಿ ಪುಡಿಯಿದೆ, ಎದುರಿಗೆ ಕುರಿ ಬಾವು ಇಳಿಬಿಟ್ಟುಕೊಂಡು ನಿಂತಿದೆ, ಕೊಡುವಂತಿಲ್ಲ. ಎಂಟನೆಯ ದಿನ ಒಂದು ಬಿಳಿಮುಖದ ಕುರಿ ಮಲಗಿದ್ದು ಏಳಲಿಲ್ಲ. ಡಾಕ್ಟರಿಗೆ ಹೇಳಿ ಕಳಿಸಿದಳು. ಡಾಕ್ಟರ ಬರುವುದರೊಳಗೆ ಅದು ಹೋಗಿತ್ತು. ಬಾನಾಬಾಯಿ ಅದರ ತಲೆಯನ್ನು ಮಡಿಲಿಂದ ಕೆಳಗಿಳಿಸಿ ಎದ್ದಳು. ಕಣ್ಣೊರೆಸಿಕೊಂಡಳು.

"ನಿಲ್ಲಿಸೋಣೇನು, ಮಾವಶಿ? ಉಳಿದವಕ್ಕ ಕೊಟ್ಟುಬಿಡ್ರಿ, ನನ್ನದೇನೂ ಅಭ್ಯಂತರ ಇಲ್ಲ," ಎಂದಳು ಡಾಕ್ಟರ.

"ಇನ್ನ ಎಷ್ಟು ದಿನ?"

"ಆರು."

"ಈಗ ಕೊಟ್ಟರ ಇದು ಸತ್ತದ್ದು ಯಾತಕ್ಕ? ಬಹಳ ಬಿಳಿಚಿದ್ದು ಇನ್ನೊಂದೈತಿ, ಅದಕ್ಕೊಂದಕ್ಕ ಕೊಡತೀನಿ, ಅದನ್ನ ಎಣಿಕಿಯಿಂದ ತಗೀರಿ. ಉಳದ ಎಂಟು ತಡೀತಾವ. ನಾ ರೆಪ್ಪಿ ನೋಡೀನಿ."

ಎಂಟೂ ತಡೆದವು.

ಹದಿನಾಲ್ಕನೆಯ ದಿನ ಡಾಕ್ಟರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬೇವಿನ ಮರದ ಕೆಳಗೆ ಕೂತು ಎಣಿಸಿದಳು. ಸೋನಾಕ್ಕ ಎರಡು ಸಲ ಚಹಾ ಕೊಟ್ಟಳು, ಎರಡೂ ಆರಿಹೋದವು. ಕೊನೆಗೆ ಡಾಕ್ಟರ ಬೆನ್ನು ನೆಟ್ಟಗೆ ಮಾಡಿ ಎಲ್ಲರನ್ನೂ ಕರೆದಳು.

"ಏನೂ ಕೊಡದ ಕುರಿಗೋಳೊಳಗ ಮೊಟ್ಟಿ ಮೊದಲಿಗಿಂತ ಹೆಚ್ಚು ಆಗ್ಯಾವ. ಬಿಳಿ ಔಷಧದಾಗ, ಪೂರಾ ಅಳತಿ ಕೊಟ್ಟರೂ, ಹತ್ತರಾಗ ಎರಡು ಪಾಲು ಕಡಿಮಿ. ಅಷ್ಟ. ಮಾವಶಿ ಪುಡಿಯೊಳಗ ಹತ್ತರಾಗ ಏಳು ಪಾಲು ಕಡಿಮಿ."

"ಏಳು," ಎಂದಳು ಬಾನಾಬಾಯಿ. ಅವಳು ಒಂಬತ್ತು ಎಂದುಕೊಂಡಿದ್ದಳು. ಅದು ಮುಖದಲ್ಲಿ ಕಂಡಿತು.

"ಏಳು ಅಂದರ ಸಣ್ಣ ಮಾತಲ್ಲ. ಆದರ ಗದ್ದ ಪೂರಾ ಊದಿದ ಕುರಿಗೆ ಏಳು ಸಾಕಾಗೂದಿಲ್ಲ. ಅದಕ್ಕ ನಾನು ತರಿಸಿದ ಹೊಸ ಔಷಧ ಬೇಕು, ತೂಕದ ಪ್ರಕಾರ. ಉಳಿದವಕ್ಕ ನಿಮ್ಮ ಪುಡಿ. ರೆಪ್ಪಿ ಕೆಂಪಿದ್ದವಕ್ಕ ಏನೂ ಬ್ಯಾಡ. ಎಲ್ಲಕ್ಕೂ ಹಿಂಡೋದು ಬಿಡ್ರಿ, ಆವಾಗ ಹೊಸ ಔಷಧ ಬಹಳ ವರ್ಷ ನಡೀತದ."

ಮಾಯಾಪ್ಪ ಕೆಮ್ಮಿದ. ಎಲ್ಲರೂ ಅವನ ಕಡೆ ನೋಡಿದರು. "ಹಂಗಾರ ಯಾವ ಕುರಿಗೆ ಯಾವುದು ಅಂತ ಯಾರು ಹೇಳೂದು? ಡಾಕ್ಟರಬಾಯಿಗೆ ದಿನಾ ಬರಾಕ ಆಗೂದಿಲ್ಲ."

"ನಾ ಹೇಳತೀನಿ," ಎಂದಳು ಬಾನಾಬಾಯಿ.

"ಹೇಳು ಮತ್ತ. ನಿಂತೀದಿ ಯಾಕ?" ಎಂದ ಮಾಯಾಪ್ಪ, ತಾನೇ ಹೋಗಿ ಮೊದಲ ಕುರಿಯನ್ನು ಕೊರಳು ಹಿಡಿದು ಅವಳ ಮುಂದೆ ತಂದು ನಿಲ್ಲಿಸಿದ.

ಆ ಮಧ್ಯಾಹ್ನ ಬಿಸಿಲು ಇಳಿಯುವುದರೊಳಗೆ ಇಡೀ ಮಂದೆ ಮೂರು ಪಾಲಾಯಿತು. ಆಮೇಲೆ ಮತ್ತೆ ನಾಲ್ಕು ಕುರಿ ಸತ್ತವು, ಅವಕ್ಕೆ ರೋಗ ಮೊದಲೇ ಮಿತಿಮೀರಿತ್ತು. ಉಳಿದವು ಚೇತರಿಸಿಕೊಂಡವು. ಬಾವು ಇಳಿಯಿತು, ಉಣ್ಣೆಗೆ ಜೀವ ಬಂತು, ಟಗರುಗಳು ಮತ್ತೆ ತಲೆ ಡಿಕ್ಕಿ ಹೊಡೆಯತೊಡಗಿದವು. ದೀಪಾವಳಿ ಕಳೆದು ಐದನೆಯ ದಿನ, ಅರಿಸಿನದ ಭಂಡಾರ ಹಾರಿಸಿ, ಕುಲದೇವರು ಬಿರೋಬಾನ ಹೆಸರು ಹೇಳಿ ವಾಡ ಹೊರಟಿತು. ಘಟ್ಟ ಇಳಿಯುವಾಗ ಒಂದು ಕುರಿಯೂ ಹಿಂದೆ ಬೀಳಲಿಲ್ಲ. ಅದಲು ಬದಲಾದ ಕುರಿಗಳನ್ನು ವಾಪಸು ಮಾಡುವ ಮಾತು ಮಾಯಾಪ್ಪನೇ ಎತ್ತಿದ. ಬಾನಾಬಾಯಿ ಬೇಡವೆಂದಳು, ಕೊಟ್ಟದ್ದು ಕೊಟ್ಟದ್ದು. ಕೊಂಕಣದಲ್ಲಿ ಮರಿ ಹಾಕುವ ಕಾಲಕ್ಕೆ ಅವನು ಎರಡು ಹೆಣ್ಣುಮರಿಗಳ ಎಡಗಿವಿಯ ತುದಿ ಕತ್ತರಿಸಿ, ಏನೂ ಹೇಳದೆ ಅವಳ ಕುರಿಗಳ ನಡುವೆ ಬಿಟ್ಟು ಹೋದ.

ಸುದ್ದಿ ವಾಡದಿಂದ ವಾಡಕ್ಕೆ ನಡೆಯಿತು. ಜನ ಪುಡಿ ಕೇಳಿಕೊಂಡು ಬರತೊಡಗಿದರು. ಬಾನಾಬಾಯಿ ಯಾರಿಗೂ ಪುಡಿ ಕೊಡಲಿಲ್ಲ. ಬೀಜ ನೀವೇ ಆರಿಸಿ ತನ್ನಿ, ಸುಲಿಯುವುದು ತೋರಿಸುತ್ತೇನೆ ಎನ್ನುವಳು. ಬೀಜ ತಂದವರಿಗೂ ಮೊದಲು ತಮ್ಮ ಮಂದೆಯಲ್ಲಿ ಗಬ್ಬದವು ಎಷ್ಟೆಂದು ಕೇಳುವಳು. ತಡವರಿಸಿದವರನ್ನು ವಾಪಸು ಕಳಿಸುವಳು. ಮಾಯಾಪ್ಪ ಕೋಲೂರಿ ಪಕ್ಕದಲ್ಲೇ ಕೂತಿರುತ್ತಿದ್ದ. ಬಂದವರಿಗೆ ತಾನೇ ವಿವರಿಸಲು ಹೊರಡುತ್ತಿದ್ದ.

"ನಮ್ಮ ಮನಿ ಔಷಧ, ಹಳೇ ಕಾಲದ್ದು. ಒಂದು ಹಿಡಿ—"

"ಅರ್ಧ ಲೋಟ, ದಾದಾ," ಎನ್ನುವಳು ಅವಳು.

"ಅದ, ಅರ್ಧ ಲೋಟ. ನಾ ಹೇಳಾಕ ಹೊಂಟಿದ್ದೆ."

ಡಾಕ್ಟರ ನಯನಾಳಿಗೆ ಎರಡು ವರ್ಷದಲ್ಲಿ ಬೇರೆ ಊರಿಗೆ ವರ್ಗವಾಯಿತು. ಹೋಗುವಾಗ ಆ ಬಣ್ಣದ ರಟ್ಟನ್ನು ಬಾನಾಬಾಯಿಗೆ ಕೊಡಲು ಬಂದಳು. ಬಾನಾಬಾಯಿ ಅದನ್ನು ತಾನು ಇಟ್ಟುಕೊಳ್ಳದೆ ಸೊಸೆ ರುಕ್ಮಾಗೆ ಕೊಟ್ಟಳು. ರುಕ್ಮಾಗೆ ಓದು ಬರುತ್ತದೆ. ಜೊತೆಗೆ ತಲೆಯಲ್ಲಿ ತನ್ನದೇ ಯೋಚನೆಗಳೂ ಇವೆ. ಹೋದ ವರ್ಷ ಅವಳು ಪುಡಿಗೆ ದಾಳಿಂಬೆ ಸಿಪ್ಪೆ ಸೇರಿಸಿದರೆ ಹೇಗೆ ಎಂದು ಕೇಳಿದಳು. ಅತ್ತೆ ಬೈಯುತ್ತಾಳೆಂದು ಸೋನಾಕ್ಕ ಕಿವಿ ನೆಟ್ಟಗೆ ಮಾಡಿ ಕಾದಳು. ಬಾನಾಬಾಯಿ ಬೈಯಲಿಲ್ಲ. ಯಾವ ಕುರಿಗಳ ಮೇಲೆ ಮಾಡುತ್ತೀಯ, ಯಾರು ಎಣಿಸುತ್ತಾರೆ ಎಂದಷ್ಟೇ ಕೇಳಿದಳು.

ಈಗ ಬಾನಾಬಾಯಿಗೆ ಅರವತ್ತು ದಾಟಿದೆ. ಘಟ್ಟ ಹತ್ತುವಾಗ ಮೊಣಕಾಲು ನೋಯುತ್ತದೆ. ಅದಕ್ಕೆ ಯಾವ ಬೀಜವನ್ನೂ ಅರೆಯದೆ ದವಾಖಾನೆಯ ಮಾತ್ರೆಯನ್ನೇ ನುಂಗುತ್ತಾಳೆ. ಸಾಮಾನು ಹೊರುವ ಕುದುರೆಯ ಮೇಲೆ ಕೂರು ಎಂದು ಧುಳಾ ಪ್ರತಿ ವರ್ಷ ಹೇಳುತ್ತಾನೆ. ಕುದುರೆಯ ಮೇಲಿಂದ ಕುರಿಯ ಕಣ್ಣು ಕಾಣುವುದಿಲ್ಲವೆಂದು ಹೇಳಿ ಅವಳು ಮಂದೆಯ ನಡುವೆ ನಡೆದೇ ಹೋಗುತ್ತಾಳೆ.